ಡ್ರೈಯರ್ ಸದ್ದು ಮಾಡಿದರೆ ಮೋಟರ್ ಬಿಚ್ಚುವ ಮೊದಲು ಕಿವಿ ಕೊಡಿ

ಹೋದ ಬೇಸಿಗೆಯಲ್ಲಿ ನಮ್ಮ ವಾಷಿಂಗ್ ಮಷೀನಿನ ಡ್ರೈಯರ್ ಇದ್ದಕ್ಕಿದ್ದಂತೆ ದಡದಡ ಅನ್ನಲು ಶುರು ಮಾಡಿತು. ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮದು ಮೇಲಿನ ಮನೆ. ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದು, "ಏನಪ್ಪಾ, ಮೇಲೆ ಏನೋ ಬಿದ್ದಂಗಾತಲ್ಲ" ಅಂತ ಕೇಳಿದರು. ನೋಡಿದರೆ ಮಷೀನು ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದು ನಿಂತಿತ್ತು. ಮರುದಿನ ರಿಪೇರಿಯವರನ್ನು ಕರೆಸಿದೆ. ಎರಡು ನಿಮಿಷ ಓಡಿಸಿ ಕೇಳಿದರು, ಹಿಂದಿನ ಕವರ್ ಕೂಡ ಬಿಚ್ಚಲಿಲ್ಲ. "ಮೋಟರ್ ಹೋಗಿದೆ ಅಣ್ಣಾ, ಹೊಸದೇ ಹಾಕಬೇಕು" ಅಂದರು. ಒಂದು ದಿನ ಟೈಮ್ ಕೊಡಿ ಅಂದೆ. ಸಂಜೆ ನಾನೇ ಕವರ್ ಬಿಚ್ಚಿ ನೋಡಿದೆ. ಮೋಟರ್ ಸರಿಯಾಗೇ ಇತ್ತು. ಅದರ ಕೆಳಗೆ ಮೂರು ಸ್ಪ್ರಿಂಗ್ ಇರುತ್ತವೆ, ಒಂದೊಂದರ ಹೊಟ್ಟೆಯಲ್ಲೂ ಒಂದು ರಬ್ಬರ್ ಇರುತ್ತದೆ. ಅದರಲ್ಲಿ ಒಂದು ರಬ್ಬರ್ ಅರ್ಧ ಪುಡಿಯಾಗಿತ್ತು. ಅಂಗೈ ಮೇಲೆ ಇಟ್ಟುಕೊಂಡು ಬೆರಳಲ್ಲಿ ಒತ್ತಿದರೆ ಹಳೆ ಕರಿ ಬೆಲ್ಲದ ಹಾಗೆ ಉದುರಿತು. ಮೂರೂ ಹೊಸ ರಬ್ಬರ್ ತಂದು ಹಾಕಿದೆ. ಮೋಟರ್ ಬೆಲೆಯ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ಅಂದಿನಿಂದ ನೆಂಟರು, ಸ್ನೇಹಿತರು ಯಾರೇ ಡ್ರೈಯರ್ ಸದ್ದು ಅಂದರೂ ನಾನು ಮೊದಲು ಕೇಳುವುದು ಒಂದೇ: ಸದ್ದು ಯಾವಾಗ ಬರುತ್ತದೆ? ಶುರುವಿನಲ್ಲಾ, ಪೂರ್ತಿ ವೇಗದಲ್ಲಾ, ನಿಲ್ಲುವಾಗಲಾ, ಇಲ್ಲಾ ತಿರುಗದೇನೇ ಬರುತ್ತಿದೆಯಾ? ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದು ದೋಷದ ಜಾಗವನ್ನು ಜಾಸ್ತಿ ಸರಿಯಾಗಿ ತೋರಿಸುತ್ತದೆ. ನಮ್ಮ ತಂದೆ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡಿದವರು. ನೂರಾರು ಕದಿರು ಒಟ್ಟಿಗೆ ತಿರುಗುವ ಆ ಗದ್ದಲದಲ್ಲಿ ಒಂದು ಬೇರಿಂಗ್ ಒಣಗಿದ್ದನ್ನು ಗುರುತಿಸುತ್ತಿದ್ದೆವು ಅಂತ ಹೇಳುತ್ತಿದ್ದರು. ಮಷೀನಿಗೆ ಕಿವಿ ಕೊಡುವುದನ್ನು ನಾನು ಕಲಿತದ್ದು ಅವರಿಂದಲೇ.

ನಮ್ಮ ಕಡೆ ಡ್ರೈಯರ್ ಅಂದರೆ ಹೆಚ್ಚಿನವರಿಗೆ ಸೆಮಿ ಆಟೋಮ್ಯಾಟಿಕ್ ಮಷೀನಿನ ಆ ಸಣ್ಣ ಟಬ್. ಒಗೆಯುವ ದೊಡ್ಡ ಟಬ್ಬಿನ ಪಕ್ಕದಲ್ಲಿ, ತೂತು ತೂತಾಗಿ ಉದ್ದಕ್ಕಿರುತ್ತದಲ್ಲ, ಅದೇ. ದಾವಣಗೆರೆ, ಚಿತ್ರದುರ್ಗದ ಬಿಸಿಲಿಗೆ ಬಿಸಿ ಗಾಳಿಯ ಡ್ರೈಯರ್ ಕೊಳ್ಳುವವರು ಕಮ್ಮಿ. ಅದು ಇರುವವರಿಗೂ ಕೊನೆಯಲ್ಲಿ ಸ್ವಲ್ಪ ಬರೆದಿದ್ದೇನೆ. ಮಿಕ್ಕಿದ್ದೆಲ್ಲ ಸೆಮಿ ಆಟೋಮ್ಯಾಟಿಕ್ ಬಗ್ಗೆ.

ಮೊದಲು ಜೀವದ ಮಾತು. ಕವರ್ ಬಿಚ್ಚುವ ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನೇ ಹೊರಗೆ ಬರಬೇಕು. ನೆಲ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಒಳಗೆ ಕೆಪಾಸಿಟರ್ ಅಂತ ಒಂದು ಡಬ್ಬಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು, ಅದರ ತುದಿಗಳನ್ನು ಮುಟ್ಟಬೇಡಿ. ಇನ್ನೊಂದು, ಮುಚ್ಚಳ ತೆಗೆದರೆ ಟಬ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಬ್ರೇಕ್ ಹೋಗಿದೆ ಅಂತ ಅರ್ಥ. ಅದು ರಿಪೇರಿ ಆಗುವ ತನಕ ಆ ಡ್ರೈಯರ್ ಬಳಸಬೇಡಿ. ತಿರುಗುವ ಟಬ್ಬಿನಲ್ಲಿ ಸೀರೆ ಸೆರಗು, ದುಪಟ್ಟಾ, ಮಕ್ಕಳ ಕೈ ಸಿಕ್ಕರೆ ಬಿಡಿಸಿಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ.

ಈಗ ಪರೀಕ್ಷೆ. ಟಬ್ ಪೂರ್ತಿ ಖಾಲಿ ಮಾಡಿ, ಮುಚ್ಚಳ ಹಾಕಿ, ಒಂದು ನಿಮಿಷ ಓಡಿಸಿ. ಖಾಲಿ ಇದ್ದಾಗ ಸದ್ದಿಲ್ಲ, ಬಟ್ಟೆ ಹಾಕಿದಾಗ ಮಾತ್ರ ಬರುತ್ತದೆ ಅಂದರೆ ಮೊದಲು ಬಟ್ಟೆ ತುಂಬುವ ರೀತಿಯನ್ನೇ ನೋಡಿ. ಈ ಮೋಟರ್ ನಿಮಿಷಕ್ಕೆ ಸುಮಾರು 1300ರಿಂದ 1400 ಸುತ್ತು ತಿರುಗುತ್ತದೆ. ಆ ವೇಗದಲ್ಲಿ, ನಡುವಿನಿಂದ 12 ಸೆಂಟಿಮೀಟರ್ ದೂರದಲ್ಲಿ ಬರೀ 100 ಗ್ರಾಂ ಒಂದು ಕಡೆ ಜಾಸ್ತಿ ಇದ್ದರೂ ಅದು ಟಬ್ಬನ್ನು 20 ಕೆಜಿಗೂ ಹೆಚ್ಚಿನ ಬಲದಲ್ಲಿ ಪಕ್ಕಕ್ಕೆ ಎಳೆಯುತ್ತದೆ. 100 ಗ್ರಾಂ ಅಂದರೆ ಏನು, ಒದ್ದೆಯಾದ ಒಂದು ಜೊತೆ ಕಾಲುಚೀಲ ಅಷ್ಟೆ. ಅದಕ್ಕೇ ಒಂದೇ ಒಂದು ಜೀನ್ಸ್ ಅಥವಾ ಒಂದೇ ಟವೆಲ್ ಹಾಕಿ ತಿರುಗಿಸಬೇಡಿ. ಅದರ ಎದುರಿಗೆ ಅಷ್ಟೇ ತೂಕದ ಇನ್ನೊಂದು ಬಟ್ಟೆ ಇರಲಿ. ಉಂಗುರದ ಹಾಗೆ ಸುತ್ತಲೂ ಹರಡಿ ಒತ್ತಿ, ಮೇಲೆ ಆ ತೆಳು ಪ್ಲಾಸ್ಟಿಕ್ ತಟ್ಟೆ ಇಡಿ. ಎಷ್ಟೋ ಮನೆಗಳಲ್ಲಿ ಆ ತಟ್ಟೆ ಮೂಲೆ ಸೇರಿರುತ್ತದೆ. ಅದು ಇರುವುದು ಬಟ್ಟೆ ಎದ್ದು ಬಂದು, ತಿರುಗುವ ಟಬ್ಬಿಗೂ ಅದರ ಸುತ್ತಲಿನ ಹೊರಗಿನ ಟಬ್ಬಿಗೂ ನಡುವಿನ ಸಂದಿನೊಳಗೆ ಬೀಳಬಾರದು ಅಂತ.

ಖಾಲಿ ಟಬ್ಬಿಗೂ ಸದ್ದು ಬಂದರೆ ಎರಡನೇ ಪರೀಕ್ಷೆ. ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದೇ. ಟಬ್ ಪೂರ್ತಿ ವೇಗಕ್ಕೆ ಬರಲಿ. ಮುಚ್ಚಳ ತೆಗೆಯಬೇಡಿ, ಟೈಮರನ್ನೂ ಮುಟ್ಟಬೇಡಿ, ಗೋಡೆಯ ಸ್ವಿಚ್ ಆಫ್ ಮಾಡಿ ಸುಮ್ನೆ ಕೇಳಿ. ಕರೆಂಟ್ ಹೋದರೂ ಟಬ್ ತನ್ನ ರಭಸಕ್ಕೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಗಲೂ ಸದ್ದು ಹಾಗೇ ಇದ್ದು ವೇಗದ ಜೊತೆ ಇಳಿಯುತ್ತಾ ಬಂದರೆ ಬೇರಿಂಗ್, ಬ್ರೇಕ್, ಉಜ್ಜುವ ವಸ್ತು, ಇಂಥದ್ದೇ ಏನೋ. ಸ್ವಿಚ್ ಆಫ್ ಆದ ಕ್ಷಣಕ್ಕೆ ಸದ್ದು ಕಡಿದ ಹಾಗೆ ನಿಂತರೆ ಅದು ಕರೆಂಟಿನ ಕಡೆಯದು: ಕೆಪಾಸಿಟರ್, ವೈಂಡಿಂಗ್ (ಮೋಟರಿನ ಒಳಗಿನ ತಂತಿ ಸುತ್ತು), ವೋಲ್ಟೇಜ್.

ಚಿತ್ರದುರ್ಗದಲ್ಲಿ ನಮ್ಮಕ್ಕನ ಮನೆಯ ಮಷೀನನ್ನು ಫೋನಿನಲ್ಲೇ ಹೀಗೆ ಪತ್ತೆ ಮಾಡಿದೆವು. "ತಮ್ಮಾ, ಕೇಳು ಇಲ್ಲಿ" ಅಂತ ಫೋನನ್ನು ಮಷೀನಿನ ಹತ್ತಿರ ಹಿಡಿದಳು. ಸಣ್ಣಗೆ, ಒಂದೇ ಲಯದಲ್ಲಿ ಟಿಕ್ ಟಿಕ್ ಟಿಕ್. ಸ್ವಿಚ್ ಆಫ್ ಮಾಡು ಅಕ್ಕಾ ಅಂದೆ. ಟಿಕ್ ಟಿಕ್ ನಿಧಾನವಾಗುತ್ತಾ ಹೋಗಿ ಕೊನೆಗೆ ಒಂದೊಂದೇ ಎಣಿಸುವ ಹಾಗಾಯಿತು. ಒಂದೊಂದು ಸುತ್ತಿಗೂ ಒಂದು ಸಲ ಏನೋ ತಾಗುತ್ತಿದೆ ಅಂತ ಅಲ್ಲಿಗೇ ಗೊತ್ತಾಯಿತು. ಮೇಲಿನ ರಿಂಗ್ ಬಿಚ್ಚಿ ಟಾರ್ಚ್ ಬಿಟ್ಟರೆ, ಸೀರೆಗೆ ಹಾಕುವ ಪಿನ್ನು ಟಬ್ಬಿನ ತೂತಿನಿಂದ ಮೂತಿ ಹೊರಗೆ ಹಾಕಿ ಹೊರಗಿನ ಟಬ್ಬಿನ ಗೋಡೆಗೆ ಗೀರುತ್ತಿತ್ತು. ಗೋಡೆಯ ಮೇಲೆ ಸುತ್ತಲೂ ಕೂದಲೆಳೆಯಷ್ಟು ತೆಳ್ಳನೆ ಗೆರೆ ಬಿದ್ದಿತ್ತು. ಇನ್ನೂ ಒಂದು ತಿಂಗಳು ಬಿಟ್ಟಿದ್ದರೆ ತೂತೇ ಆಗುತ್ತಿತ್ತು.

ಹೀಗೆ ಸಂದಿಗೆ ಬೀಳುವುದರಲ್ಲಿ ಕರ್ಚೀಫು, ಮಕ್ಕಳ ಕಾಲುಚೀಲ ಮೊದಲು. ಬಟ್ಟೆ ಬಿದ್ದರೆ ಟಿಕ್ ಟಿಕ್ ಬರುವುದಿಲ್ಲ, ಸರಸರ ಉಜ್ಜುವ ಸದ್ದು ಬರುತ್ತದೆ, ಟಬ್ ವೇಗ ಹಿಡಿಯುವುದಿಲ್ಲ. ಬಟ್ಟೆ ಕೆಳಗಿನ ಶಾಫ್ಟಿಗೆ, ಅಂದರೆ ಟಬ್ಬನ್ನು ತಿರುಗಿಸುವ ಸರಳಿಗೆ, ಸುತ್ತಿಕೊಂಡರೆ ಟಬ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಜೋರಾಗಿ ಎಳೆಯಬೇಡಿ. ಟಬ್ಬನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತಾ ಕೊಕ್ಕೆ ಮಾಡಿದ ತಂತಿಯಿಂದ ನಿಧಾನಕ್ಕೆ ಬಿಡಿಸಿ.

ಕೈಯಿಂದ ತಿರುಗಿಸುವ ವಿಚಾರದಲ್ಲಿ ತುಂಬಾ ಜನ ತಪ್ಪುವ ಒಂದು ಕಡೆ ಇದೆ. ಮುಚ್ಚಳ ತೆಗೆದು ಟಬ್ ತಿರುಗಿಸಲು ನೋಡುತ್ತಾರೆ, ಬಿಗಿಯಾಗಿರುತ್ತದೆ, ಬೇರಿಂಗ್ ಜಾಮ್ ಆಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಮುಚ್ಚಳ ತೆಗೆದಾಗ ಬ್ರೇಕ್ ಹಿಡಿದಿರುತ್ತದೆ, ಬಿಗಿಯಾಗಿರಲೇಬೇಕು! ಹಿಂದಿನ ಕವರ್ ಬಿಚ್ಚಿ ನೋಡಿ. ಮುಚ್ಚಳದ ಕಡೆಯಿಂದ ಒಂದು ತಂತಿ ಕೆಳಗೆ ಬಂದು ಮೋಟರ್ ಮೇಲಿನ ಬ್ರೇಕ್ ಪಟ್ಟಿಗೆ ಸೇರಿರುತ್ತದೆ. ಪ್ಲಗ್ ಕಿತ್ತಿದೆ ತಾನೆ ಅಂತ ಇನ್ನೊಮ್ಮೆ ನೋಡಿ, ಆ ಪಟ್ಟಿಯನ್ನು ಕೈಯಿಂದ ಸರಿಸಿ ಹಿಡಿದು ಆಮೇಲೆ ಟಬ್ ತಿರುಗಿಸಿ. ಆಗಲೂ ಬಿಗಿ ಇದ್ದರೆ ಮಾತ್ರ ಬೇರಿಂಗಿನ ಮೇಲೆ ಅನುಮಾನ ಪಡಬೇಕು.

ಅದೇ ತಂತಿಯಿಂದ ಇನ್ನೊಂದು ಸದ್ದೂ ಹುಟ್ಟುತ್ತದೆ. ಶುರುವಿನಿಂದ ಕೊನೆತನಕ ಕಿರ್ರ್ ಅಂತ ಚೀರುವುದು, ಜೊತೆಗೆ ರಬ್ಬರ್ ಸುಟ್ಟ ವಾಸನೆ. ತಂತಿ ಸಡಿಲಾಗಿದ್ದರೆ ಅಥವಾ ಕೊಕ್ಕೆಯಿಂದ ಜಾರಿದ್ದರೆ ಮುಚ್ಚಳ ಮುಚ್ಚಿದ ಮೇಲೂ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಮೋಟರ್ ಬ್ರೇಕಿನ ಜೊತೆ ಗುದ್ದಾಡುತ್ತಾ ತಿರುಗುತ್ತದೆ. ಇದನ್ನು ಹಾಗೇ ಬಿಟ್ಟರೆ ಮೋಟರ್ ನಿಜವಾಗಿಯೂ ಸುಡುತ್ತದೆ. ಮುಚ್ಚಳ ಮುಚ್ಚಿಟ್ಟು ನೋಡಿದಾಗ ಪಟ್ಟಿಗೂ ಅದು ಹಿಡಿಯುವ ಡ್ರಮ್ಮಿಗೂ ನಡುವೆ ಬೆಳಕು ಕಾಣುವಷ್ಟು ಸಂದು ಇರಬೇಕು, ಮುಚ್ಚಳ ತೆಗೆದಾಗ ಪಟ್ಟಿ ಪೂರ್ತಿ ಕೂರಬೇಕು. ಎರಡೂ ಸರಿಯಾಗುವ ತನಕ ತಂತಿಯನ್ನು ಹೊಂದಿಸಿ. ಪಟ್ಟಿ ಸವೆದಿದ್ದರೆ ಬದಲಾಯಿಸಿ. ಕಿರ್ರ್ ನಿಲ್ಲಲಿ ಅಂತ ಅದಕ್ಕೆ ಎಣ್ಣೆ ಮಾತ್ರ ಬಿಡಬೇಡಿ, ಬ್ರೇಕೇ ಹಿಡಿಯದೆ ಹೋಗುತ್ತದೆ.

ಈಗ ದಡದಡಕ್ಕೆ ಬರೋಣ. ಹೆಚ್ಚಾಗಿ ಬರುವ ಸದ್ದು ಇದೇ, ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದೂ ಇದರಲ್ಲೇ. ಶುರುವಾದ ಮೊದಲ ಕೆಲವು ಸೆಕೆಂಡು ಮತ್ತು ನಿಲ್ಲುವ ಮುಂಚಿನ ಕೆಲವು ಸೆಕೆಂಡು ಸ್ವಲ್ಪ ಅಲುಗಾಟ ಸಹಜ. ಸ್ಪ್ರಿಂಗ್ ಮೇಲೆ ಕೂತ ಯಾವ ತೂಕಕ್ಕೂ ತೂಗಾಡುವ ಒಂದು ಲಯ ಇರುತ್ತದೆ. ಟಬ್ ವೇಗ ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಆ ಲಯವನ್ನು ದಾಟಲೇಬೇಕು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಅಲುಗಾಟವನ್ನು ನುಂಗುವುದು ಸ್ಪ್ರಿಂಗಿನ ಒಳಗಿನ ರಬ್ಬರುಗಳು. ಅವು ಸತ್ತಾಗ ಟಬ್ ಹೋಗಿ ಹೊರಗಿನ ಟಬ್ಬಿನ ಗೋಡೆಗೆ ಬಡಿಯುತ್ತದೆ, ಮಷೀನು ಜಾಗ ಬಿಟ್ಟು ನಡೆಯುತ್ತದೆ. ಪೂರ್ತಿ ವೇಗ ಬಂದ ಮೇಲೆ ಶಾಂತವಾಗಿ, ಏರುವಾಗ ಇಳಿಯುವಾಗ ಮಾತ್ರ ಬಡಿದರೆ ಮೊದಲು ಸ್ಪ್ರಿಂಗ್ ಮತ್ತು ರಬ್ಬರ್ ನೋಡಿ.

ನೋಡುವುದು ಹೇಗೆ ಅಂದರೆ, ಪ್ಲಗ್ ಕಿತ್ತು, ಮೇಲಿನಿಂದ ಟಬ್ಬಿನ ಬಾಯಿ ಹಿಡಿದು ನಾಲ್ಕೂ ದಿಕ್ಕಿಗೆ ಮೆಲ್ಲಗೆ ಒತ್ತಿ ಬಿಡಿ. ಎಲ್ಲ ಕಡೆಯೂ ಒಂದೇ ಬಿಗಿ ಇರಬೇಕು, ಬಿಟ್ಟ ಕೂಡಲೇ ನಡುವಿಗೆ ಬರಬೇಕು. ಒಂದು ಕಡೆಗೆ ಜಾಸ್ತಿ ವಾಲಿದರೆ ಆ ಕಡೆಯ ರಬ್ಬರ್ ಅಥವಾ ಸ್ಪ್ರಿಂಗ್ ಹೋಗಿದೆ. ಆಮೇಲೆ ಹಿಂದಿನಿಂದ ಕಣ್ಣಿನಲ್ಲೇ ನೋಡಿ: ಮೂರು ಸ್ಪ್ರಿಂಗೂ ತಮ್ಮ ತಮ್ಮ ಬಟ್ಟಲಿನಂಥ ಜಾಗದಲ್ಲಿ ನೆಟ್ಟಗೆ ಕೂತಿವೆಯಾ, ಎತ್ತರ ಒಂದೇ ಇದೆಯಾ, ಕೆಳಗೆ ಕಪ್ಪು ಪುಡಿ ಬಿದ್ದಿದೆಯಾ. ಒಂದೇ ಹೋಗಿದ್ದರೂ ಮೂರನ್ನೂ ಬದಲಾಯಿಸಿ. ಒಂದು ಹೊಸದು ಎರಡು ಹಳೆಯದು ಆದರೆ ಟಬ್ ಮತ್ತೆ ಓರೆಯಾಗುತ್ತದೆ. ಅಂಗಡಿಗೆ ಹೋಗುವಾಗ ಹಳೆಯದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಕಂಪನಿ ಹೆಸರು ಹೇಳಿದರೆ ಸಾಲದು. ಒಂದೇ ಕಂಪನಿಯಲ್ಲೇ ಎರಡು ಮೂರು ಅಳತೆ ಇರುತ್ತವೆ.

ಸ್ಪ್ರಿಂಗ್ ಚೆನ್ನಾಗಿದ್ದೂ ಬಡಿದರೆ ಕಪ್ಲಿಂಗ್ ನೋಡಿ. ಟಬ್ಬಿನ ಶಾಫ್ಟ್ ಕೆಳಗೆ ಬಂದು ಮೋಟರ್ ಶಾಫ್ಟಿಗೆ ಸೇರುವ ಜಾಗ ಅದು, ಬ್ರೇಕ್ ಡ್ರಮ್ಮೂ ಅದೇ ತುಂಡಿನಲ್ಲಿರುತ್ತದೆ. ಅಲ್ಲಿನ ಬೋಲ್ಟ್ ಸಡಿಲಾದರೆ ಹೊರಡುವಾಗ ಒಂದು ಟಕ್, ಬ್ರೇಕ್ ಹಾಕಿದಾಗ ಒಂದು ಟಕ್. ಸಡಿಲಾದ ಬೋಲ್ಟಿನ ಸುತ್ತ ಲೋಹ ಉಜ್ಜಿ ಬೆಳ್ಳಗೆ ಹೊಳೆಯುತ್ತಿರುತ್ತದೆ, ಸುತ್ತಲಿನದು ಮಾತ್ರ ತುಕ್ಕು ಬಣ್ಣ. ಆ ಹೊಳಪು ಕಂಡರೆ ಸಾಕು, ಬೇರೆ ಪರೀಕ್ಷೆ ಬೇಡ. ಸಾಮಾನ್ಯವಾಗಿ 10ರ ಪಾನಾ ಕೂರುತ್ತದೆ. ಬೋಲ್ಟ್ ಬಿಗಿದು ಮೇಲಿನ ನಟ್ಟನ್ನೂ ಲಾಕ್ ಮಾಡಿ.

ನೆಲವೂ ಕಾರಣ ಆಗುತ್ತದೆ. ಬಚ್ಚಲ ಪಕ್ಕದ ಜಾಗದಲ್ಲಿ ನೀರು ಹರಿಯಲಿ ಅಂತ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ಮಷೀನು ಮೂರು ಕಾಲಿನ ಮೇಲೆ ನಿಂತಿರುತ್ತದೆ. ಮೂಲೆ ಮೂಲೆ ಒತ್ತಿ ನೋಡಿ, ಅಲುಗುವ ಕಾಲಿನ ಕೆಳಗೆ ಗಟ್ಟಿ ರಬ್ಬರ್ ತುಂಡು ಇಡಿ. ರಟ್ಟು ಇಟ್ಟರೆ ಎರಡು ವಾರದಲ್ಲಿ ನೆನೆದು ಕುಸಿಯುತ್ತದೆ.

ಇನ್ನು ಗರಗರ. ವೇಗ ಏರಿದಂತೆ ಏರುತ್ತದೆ, ಕರೆಂಟ್ ಹೋದ ಮೇಲೂ ಇಳಿಯುತ್ತಾ ಬರುತ್ತದೆ, ಬಟ್ಟೆ ಇದ್ದರೂ ಇಲ್ಲದಿದ್ದರೂ ಒಂದೇ. ಇದು ಮೋಟರಿನ ಬೇರಿಂಗ್, ಇಲ್ಲಾ ಕೆಲವು ಮೋಟರಿನಲ್ಲಿ ಬೇರಿಂಗ್ ಬದಲು ಇರುವ ಬುಷ್ ಅನ್ನುವ ಲೋಹದ ಬಳೆ. ಆದರೆ ಬೇರಿಂಗ್ ಬದಲಾಯಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಅದು ಯಾಕೆ ಹೋಯಿತು ಅಂತ ನೋಡಲೇಬೇಕು. ಹೆಚ್ಚಿನ ಸಲ ಮೇಲಿನಿಂದ ನೀರು ಇಳಿದಿರುತ್ತದೆ. ಹೊರಗಿನ ಟಬ್ಬಿನ ತಳದಲ್ಲಿ ಶಾಫ್ಟ್ ಹಾದುಬರುವ ಕಡೆ ಒಂದು ರಬ್ಬರ್ ಸೀಲ್ ಇರುತ್ತದೆ, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ. ಮೆಕ್ಯಾನಿಕ್‌ಗಳು ಬೆಲ್ಲೋ ಅನ್ನುತ್ತಾರೆ. ಅದು ಹರಿದರೆ ಸಾಬೂನು ನೀರು ಶಾಫ್ಟ್ ಹಿಡಿದು ನೇರ ಮೋಟರ್ ಮೇಲೆ ಇಳಿಯುತ್ತದೆ. ನಮ್ಮ ಕಡೆ ಬೋರ್ ನೀರು ಗಡಸು. ಬಕೆಟ್ಟಿನ ಒಳಗೆ ಬೆಳ್ಳಗೆ ಕಟ್ಟುತ್ತದಲ್ಲ, ಅದೇ ಉಪ್ಪು ಸೀಲಿನ ಅಂಚಿಗೂ ಕಟ್ಟಿಕೊಂಡು ರಬ್ಬರನ್ನು ಮರಳುಕಾಗದದ ಹಾಗೆ ತಿನ್ನುತ್ತದೆ. ಮೋಟರ್ ಮೇಲೆ ಬಿಳಿ ಗೆರೆ ಅಥವಾ ತುಕ್ಕಿನ ಕಣ್ಣೀರು ಇಳಿದಂತೆ ಗುರುತು ಕಂಡರೆ ಸೀಲ್ ಸೋರುತ್ತಿದೆ. ಸೀಲ್ ಹಾಕದೆ ಬರೀ ಬೇರಿಂಗ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಗರಗರ.

ಬೇರಿಂಗಿನದೇ ಅಂತ ಖಚಿತ ಮಾಡಿಕೊಳ್ಳಲು ತಂದೆ ಹೇಳಿಕೊಟ್ಟ ಉಪಾಯ ಒಂದಿದೆ. ಪ್ಲಗ್ ಕಿತ್ತು ಬ್ರೇಕ್ ಪಟ್ಟಿ ಸರಿಸಿ ಹಿಡಿಯಲು ಒಬ್ಬರಿಗೆ ಹೇಳಿ, ಇನ್ನೊಬ್ಬರು ಟಬ್ಬನ್ನು ಕೈಯಿಂದ ತಿರುಗಿಸಲಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಚೆನ್ನಾಗಿರುವ ಬೇರಿಂಗ್ ಉಸಿರಿನಷ್ಟು ಸದ್ದು ಮಾಡುತ್ತದೆ. ಹೋದದ್ದು ರಾಗಿ ಬೀಸಿದ ಹಾಗೆ ಕೇಳುತ್ತದೆ. ಕರೆಂಟಿನಲ್ಲಿ ಓಡುವಾಗ ಇದನ್ನು ಮಾಡಬೇಡಿ.

ಗರಗರಕ್ಕೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಎರಡು ದಿನ ಸದ್ದು ನಿಲ್ಲುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ದಯವಿಟ್ಟು ಬೇಡ. ಬೇರಿಂಗ್ ಇರುವ ಮೋಟರ್ ಆದರೆ ಬೇರಿಂಗಿನ ಮೇಲೆಯೇ ನಂಬರ್ ಕೆತ್ತಿರುತ್ತದೆ, ಅದೇ ನಂಬರಿನದು ತನ್ನಿ.

ಗುಂಯ್ ಅಂತ ಗುನುಗುತ್ತಿದೆ, ಟಬ್ ತಿರುಗುತ್ತಿಲ್ಲ ಅಂದರೆ ತಕ್ಷಣ ಆಫ್ ಮಾಡಿ. ನಿಂತ ಮೋಟರಿಗೆ ಕರೆಂಟ್ ಹರಿಯುತ್ತಿದ್ದರೆ ಕೆಲವೇ ನಿಮಿಷದಲ್ಲಿ ವೈಂಡಿಂಗ್ ಬಿಸಿಯಾಗಿ ಸುಡಬಹುದು. ಬ್ರೇಕ್ ಬಿಟ್ಟಿದೆಯಾ, ಬಟ್ಟೆ ಸಿಕ್ಕಿದೆಯಾ ನೋಡಿ. ಕೈಗೆ ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಮೇಲೆ ಅನುಮಾನ. ಎಷ್ಟೋ ಮಷೀನುಗಳಲ್ಲಿ ಒಗೆಯುವ ಮೋಟರಿಗೂ ಡ್ರೈಯರ್ ಮೋಟರಿಗೂ ಸೇರಿ ಒಂದೇ ಡಬ್ಬಿ ಇರುತ್ತದೆ, ಹಾಗಾಗಿ ವೈರ್ ತೆಗೆಯುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಮೇಲೆ ಬರೆದ ಮೈಕ್ರೋಫ್ಯಾರಡ್ ಮತ್ತು ವೋಲ್ಟ್ ನೋಡಿ ಅದೇ ಅಳತೆಯದನ್ನೇ ಹಾಕಿಸಿ. ಕರೆಂಟಿನ ಕೆಲಸ ಅಭ್ಯಾಸ ಇಲ್ಲದವರು ಇದೊಂದನ್ನು ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಬೇಸಿಗೆ ಸಂಜೆ ಮಾತ್ರ ಗುನುಗಿ, ಬೆಳಗ್ಗೆ ಸರಿ ಇದ್ದರೆ ಹೆಚ್ಚಾಗಿ ಅದು ಮಷೀನಿನ ತಪ್ಪಲ್ಲ, ವೋಲ್ಟೇಜ್ 230ಕ್ಕಿಂತ ತೀರಾ ಇಳಿದಿರುತ್ತದೆ.

ಜಲಜಲ ಸದ್ದು ಬಂದರೆ ನೀರು ಹೊರಗೆ ಹೋಗುತ್ತಿಲ್ಲ. ಪೈಪ್ ಮಡಚಿದೆಯಾ, ತುದಿ ಎತ್ತರಕ್ಕೆ ಸಿಕ್ಕಿದೆಯಾ ನೋಡಿ. ಟಬ್ಬಿನ ತೂತುಗಳಲ್ಲಿ ಬಿಳಿ ಪದರ ಕಟ್ಟಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿ ನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ ಒರೆಸಿ.

ಇಲಿ ಇರುವ ಮನೆಯಾದರೆ ಮಷೀನಿನ ತಳವನ್ನೂ ನೋಡಿ. ಕೆಳಗೆ ಖಾಲಿ ಇರುವುದರಿಂದ ಬೆಚ್ಚಗಿನ ಜಾಗ ಅಂತ ಗೂಡು ಕಟ್ಟುತ್ತವೆ. ಚಿಂದಿ, ಕಾಗದ ಕಪ್ಲಿಂಗಿಗೆ ತಾಗಿ ಪಟಪಟ ಅನ್ನುತ್ತದೆ, ಅಷ್ಟರಲ್ಲಿ ವೈರೂ ಕಡಿದಿರುತ್ತವೆ. ಚೊಕ್ಕ ಮಾಡಿ ತಳಕ್ಕೆ ಜಾಲರಿ ಹಾಕಿಸಿ.

ಬಿಸಿ ಗಾಳಿಯ ಡ್ರೈಯರ್ ಇರುವವರಿಗೆ. ಅದರ ಡ್ರಮ್ ಅಡ್ಡಲಾಗಿ, ನಿಮಿಷಕ್ಕೆ ಸುಮಾರು 50 ಸುತ್ತಿನಂತೆ ನಿಧಾನಕ್ಕೆ ತಿರುಗುತ್ತದೆ. ಹೆಚ್ಚಿನವುಗಳಲ್ಲಿ ಡ್ರಮ್ಮನ್ನು ಸಣ್ಣ ಗಾಲಿಗಳು ಹೊತ್ತಿರುತ್ತವೆ, ಒಂದು ಬೆಲ್ಟ್ ತಿರುಗಿಸುತ್ತದೆ. ಬಿಸಿಯಾದಂತೆ ಕೀಚಲು ಜಾಸ್ತಿಯಾದರೆ ಗಾಲಿ ಅಥವಾ ಬೆಲ್ಟ್ ಬಿಗಿಸುವ ಚಕ್ರ ಸವೆದಿದೆ. ಸುಮಾರು ಸೆಕೆಂಡಿಗೊಂದು ಧಡ್ ಬಂದರೆ ಬೆಲ್ಟಿನಲ್ಲಿ ಗಂಟಿನಂತಾಗಿದೆ, ಇಲ್ಲಾ ಡ್ರಮ್ಮಿನ ಅಂಚಿನಲ್ಲಿ ಏನೋ ಇದೆ. ಕೆರೆದ ಸದ್ದಾದರೆ ಮುಂದಿನ ಫೆಲ್ಟ್ ಪಟ್ಟಿ ಸವೆದು ತಗಡು ತಗಡಿಗೆ ಉಜ್ಜುತ್ತಿದೆ. ಗಾಲಿಗೆ ಎಣ್ಣೆ ಸಿಂಪಡಿಸಬೇಡಿ. ಬಟ್ಟೆಯ ನೂಲಿನ ಧೂಳು ಎಣ್ಣೆಗೆ ಅಂಟುತ್ತದೆ, ಆ ಧೂಳು ಬೆಂಕಿ ಬೇಗ ಹಿಡಿಯುತ್ತದೆ. ಜಾಲರಿಯನ್ನು ಪ್ರತಿ ಸಲವೂ ಚೊಕ್ಕ ಮಾಡಿ.

ಸೆಮಿ ಆಟೋಮ್ಯಾಟಿಕ್ ರಿಪೇರಿ ಮುಗಿದ ಮೇಲೆ ಹಿಂದಿನ ಕವರ್ ತಕ್ಷಣ ಹಾಕಬೇಡಿ. ಪ್ಲಗ್ ಕಿತ್ತೇ ಮಷೀನಿನ ತಳದಲ್ಲಿ, ಮೋಟರಿನ ಕೆಳಗೆ, ಒಂದು ಹಳೆ ಪೇಪರ್ ಹಾಸಿ. ಟಬ್ಬಿಗೆ ಎರಡು ಚೊಂಬು ನೀರು ಹಾಕಿ ಐದು ನಿಮಿಷ ಬಿಟ್ಟು, ಟಾರ್ಚ್ ಬಿಟ್ಟು ಪೇಪರ್ ನೋಡಿ. ಒಂದು ಹನಿ ಬಿದ್ದಿದ್ದರೂ ಸೀಲ್ ಸರಿಯಾಗಿ ಕೂತಿಲ್ಲ. ಪೇಪರ್ ಒಣಗಿದ್ದರೆ ಅದನ್ನು ತೆಗೆದು, ಕವರ್ ಹಾಕಿ ಸ್ಕ್ರೂ ಬಿಗಿಯಿರಿ. ಮೊದಲು ಖಾಲಿ ಒಂದು ನಿಮಿಷ ಓಡಿಸಿ, ಆಮೇಲೆ ಎರಡು ಒದ್ದೆ ಟವೆಲ್ ಎದುರು ಬದುರು ಹಾಕಿ ಓಡಿಸಿ.